ಬೈಟು ಕಾಫಿಯ ವಾರಿಜಾ

ಬಸ್ಸಿನಲ್ಲೋ ಮದುವೆಮನೆಯಲ್ಲೋ ಯಾರಾದರೂ ಎರಡು ಸಲ ಕೆಮ್ಮಿದರೆ ಈಗಲೂ ನನ್ನ ಕುತ್ತಿಗೆ ತಾನಾಗಿಯೇ ಆ ಕಡೆ ತಿರುಗುತ್ತದೆ. ಮೂರನೆಯ ಸಲ ಕೆಮ್ಮಿದರೆ "ಎಷ್ಟ್ ದಿನ ಆತ್ರಿ?" ಎಂದು ಕೇಳಿಯೇ ಬಿಡುತ್ತೇನೆ. ಮಗಳು ಶೈಲಾ ನಾಚಿಕೆಯಿಂದ ನನ್ನ ಸೆರಗು ಜಗ್ಗುತ್ತಾಳೆ. ಜಗ್ಗಲಿ. ಎಂಬತ್ತರ ಹತ್ತಿರ ಬಂದವಳಿಗೆ ಇನ್ನು ಯಾರ ಮುಲಾಜು?

ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು, ಕಾಲೇಜಿಗೆ ಹೋಗುವವಳು, ಆಸ್ಪತ್ರೆಯ ಚೀಟಿಯನ್ನು ಪುಸ್ತಕದೊಳಗೆ ಮುಚ್ಚಿಟ್ಟುಕೊಂಡು ನನ್ನ ಹತ್ತಿರ ಬಂದಳು. ಟಿ.ಬಿ. ಅಂತೆ. ನನಗೂ ಒಂದು ಕಾಲದಲ್ಲಿ ಆಗಿತ್ತು ಎಂದು ಯಾರಿಂದಲೋ ಕೇಳಿದ್ದಳು. ಅಳುತ್ತ ಎಲ್ಲ ಹೇಳಿದ ಮೇಲೆ ಕೊನೆಗೆ ನನ್ನ ಕೈ ಹಿಡಿದು, "ಅಜ್ಜಿ, ಮನ್ಯಾಗ ಹೇಳಬ್ಯಾಡ್ರಿ. ನನ್ನ ಆಣಿ ಅದ," ಎಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.  ಇಂಥದೇ ಒಂದು ಆಣೆಯನ್ನು ನಾನು ಒಮ್ಮೆ ಪಾಲಿಸಿದ್ದೇನೆ. ಅದರ ಕಥೆಯನ್ನೇ ಇಲ್ಲಿ ಬರೆಯುತ್ತಿರುವುದು.

ಅದು ಅರವತ್ತರ ದಶಕದ ಕೊನೆ. ನಾನು ಬೀದರ ಜಿಲ್ಲೆಯವಳು, ಮದುವೆಯಾಗಿ ನಾಸಿಕಕ್ಕೆ ಬಂದಿದ್ದೆ. ನನ್ನವರು ಸಾತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಎರಡು ಕೋಣೆಯ ಮನೆ, ಅತ್ತೆ, ಎರಡೂವರೆ ವರ್ಷದ ಶೈಲಾ. ಆ ಮಳೆಗಾಲವಿಡೀ ನಾನು ಕೆಮ್ಮಿದೆ. ಅತ್ತೆ ಕಷಾಯ ಮಾಡಿ ಕೊಟ್ಟರು, ಓಣಿಯ ಹೆಂಗಸರು ತಲೆಗೊಂದು ಮದ್ದು ಹೇಳಿದರು. ಒಂದು ದಿನ ಬಟ್ಟೆ ಒಗೆಯುವಾಗ ಕೆಮ್ಮು ಬಂತು, ಬಾಯಿಗೆ ಸೆರಗು ಹಿಡಿದೆ. ಸೆರಗು ತೆಗೆದು ನೋಡಿದರೆ ರಕ್ತ. ಮೊದಲು ಹೊಳೆದದ್ದು ಸಾಯುತ್ತೇನೆ ಎಂದಲ್ಲ, ಅತ್ತೆ ನೋಡುವುದರೊಳಗೆ ಸೆರಗು ತೊಳೆಯಬೇಕು ಎಂದು. ಹೆದರಿದ ಮನುಷ್ಯರ ಬುದ್ಧಿ ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಗಂಡನ ಜೊತೆ ಮಾತಾಡಿದರು. ಎದೆ ನನ್ನದು, ಮಾತು ಅವರಿಬ್ಬರದು. ನಾನು ಬೆಂಚಿನ ಮೇಲೆ ಕೂತು ಗೋಡೆಯ ಮೇಲಿನ "ಇಲ್ಲಿ ಉಗುಳಬೇಡಿ" ಎಂಬ ಮರಾಠಿ ಬೋರ್ಡನ್ನು ಓದುತ್ತಿದ್ದೆ. ವಾಪಸು ಬರುವಾಗ ಸೈಕಲ್ಲಿನ ಹಿಂದೆ ಕೂತಿದ್ದೆ. ದಿಬ್ಬ ಬಂದಾಗ ಇಳಿಯಲು ಹೋದರೆ ಅವರು, "ನೀ ಕುಂತ್ಕೊ, ಇಳೀಬ್ಯಾಡ," ಎಂದು ತಾವೇ ಇಳಿದು ತಳ್ಳತೊಡಗಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಒಂದು ಕೈಯಿಂದ ಆಗಾಗ ಮುಖ ಒರೆಸಿಕೊಳ್ಳುವುದು ಮಾತ್ರ ಕಾಣುತ್ತಿತ್ತು. ನಮ್ಮ ಮನೆಯವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಹಿಂದಿನಿಂದ.

ಅತ್ತೆ ಕೆಟ್ಟವರಲ್ಲ. ಅವರ ಬೆನ್ನಿಗೆ ಬಿದ್ದ ತಂಗಿ ಇದೇ ಕೆಮ್ಮಿನಿಂದ ಹೋದವಳು, ಅವಳ ಎರಡು ಮಕ್ಕಳೂ ಹೋದವು. ಅಂಥ ಮನೆ ಕಂಡವರಿಗೆ ಹೆದರಿಕೆ ಎಲ್ಲಿಂದ ಹೋಗಬೇಕು? ಆ ದಿನವೇ ಶೈಲಾಳನ್ನು ನನ್ನ ಮಡಿಲಿನಿಂದ ಎತ್ತಿಕೊಂಡರು. ಮರುದಿನ ನನ್ನ ಗ್ಲಾಸು ತೆಗೆದುಕೊಂಡು ಪೇಟೆಗೆ ಹೋಗಿ, ಪಾತ್ರೆಗಳ ಮೇಲೆ ಹೆಸರು ಕೊರೆಯುವವನ ಹತ್ತಿರ "ಮಹಾನಂದಾ" ಎಂದು ಕೊರೆಸಿಕೊಂಡು ಬಂದರು. ಹೆಸರು ಕೊರೆಸುವುದು ಮದುವೆಯ ಉಡುಗೊರೆಗೆ, ತವರಿನಿಂದ ಬಂದ ಕೊಡಕ್ಕೆ. ನನ್ನದನ್ನು ಕೊರೆಸಿದ್ದು ಬೇರೆಯವರ ಗ್ಲಾಸಿನ ಜೊತೆ ಕೂಡಬಾರದೆಂದು. ಅದರ ಜಾಗ ಅಡಿಗೆಮನೆಯ ಹೊರಗಿನ ಕಿಟಕಿಯ ಮೇಲೆ.

ನಾಸಿಕದ ಹೊರಗಿದ್ದ ಕ್ಷಯದ ಆಸ್ಪತ್ರೆಯಲ್ಲಿ ನನಗೆ ಮಂಚ ಸಿಕ್ಕಿತು. ಉದ್ದನೆಯ ವರಾಂಡ, ಸಾಲು ಮಂಚ, ಸದಾ ತೆರೆದಿಟ್ಟ ಕಿಟಕಿ, ತಲೆಯ ಹತ್ತಿರ ಮುಚ್ಚಳದ ಉಗುಳುಬಟ್ಟಲು. ಮಧ್ಯಾಹ್ನ ಎರಡು ತಾಸು ಎಲ್ಲರೂ ಮಲಗಲೇಬೇಕು, ಮಾತಾಡಕೂಡದು. ಮೊದಲ ದಿನ ಆ ನಿದ್ದೆಯಿಂದ ಎದ್ದಾಗ ಪಕ್ಕದ ಮಂಚದ ಹುಡುಗಿ ನನ್ನನ್ನೇ ನೋಡುತ್ತ ಕೂತಿದ್ದಳು. ತೆಳ್ಳಗೆ ಕಡ್ಡಿಯ ಹಾಗಿದ್ದಳು, ಕಣ್ಣು ಮಾತ್ರ ತುಂಬಾ ದೊಡ್ಡವು.

"ನೀವು ಕನ್ನಡದವರಾ?" ಎಂದಳು.

ನನಗೆ ಜೀವ ಬಂದಂತಾಯಿತು. "ಹೌದು. ನಿಂಗ್ಯಾಂಗ ಗೊತ್ತಾತು?"

"ನಿದ್ರೆಯಲ್ಲಿ ಬೈತಾ ಇದ್ರಿ."

"ಯಾರಿಗಿ ಬೈಲತ್ತಿದ್ದೆ?"

"ಅತ್ತೆಗೆ ಅಂತ ಕಾಣ್ತದೆ. ಚಂದ ಬೈತೀರಿ. ನಮ್ಮ ಕಡೆ ಅಷ್ಟು ಒಳ್ಳೆ ಬೈಗುಳ ಇಲ್ಲ."

ಅವಳೇ ವಾರಿಜಾ. ಆಗ ಅವಳಿಗೆ ಇಪ್ಪತ್ತೆರಡು. ಅವಳಪ್ಪ ಕುಂದಾಪುರದ ಕಡೆಯಿಂದ ಬಂದು ಯೇವಲಾದ ಬಸ್‌ಸ್ಟ್ಯಾಂಡಿನ ಎದುರು ಹೋಟೆಲು ಹಾಕಿದವರು. ತಾಯಿ ಇಲ್ಲ. ಹೋಟೆಲಿನ ಹಿಂದೆಲ್ಲ ಪೈಠಣಿ ಸೀರೆ ನೇಯುವವರ ಓಣಿ. ಹುಡುಗಿ ಮಗ್ಗದ ಸದ್ದಿನಲ್ಲೇ ಬೆಳೆದಿದ್ದಳು. ನೇಯುವಾಗ ಎಳೆಗಳ ಕೆಳಗೆ ಇಟ್ಟುಕೊಳ್ಳುವ ಚಿತ್ರ ಇರುತ್ತದಲ್ಲ, ಗಿಣಿ, ನವಿಲು, ಕಮಲ, ಅದನ್ನು ಚೌಕುಳಿ ಕಾಗದದ ಮೇಲೆ ಬರೆಯುವುದನ್ನು ಹತ್ತನೇ ವಯಸ್ಸಿಗೇ ಕಲಿತಿದ್ದಳು. ತಲೆ ನೆರೆತ ನೇಕಾರರು ಹೋಟೆಲಿಗೆ ಬಂದು, ಚಹಾ ಕುಡಿದು, "ವಾರಿಜಾತಾಯಿ ಇದ್ದಾರೇನು?" ಎಂದು ಮರ್ಯಾದೆಯಿಂದ ಕೇಳುತ್ತಿದ್ದರಂತೆ. ಅವಳ ಗಿಣಿಗೆ ಒಂದು ಗುರುತಿತ್ತು. ಎಲ್ಲರ ಗಿಣಿ ಮುಂದೆ ನೋಡಿದರೆ ಇವಳದು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತದೆ. ಯಾಕೆ ಎಂದು ಕೇಳಿದ್ದಕ್ಕೆ, "ಯಾರೋ ಕರೆದಿದ್ದಾರೆ, ಪಾಪ. ನೋಡದೆ ಹೋಗ್ಲಿಕ್ಕಾಗ್ತದಾ?" ಎಂದಿದ್ದಳು.

ಅವಳು ಆಸ್ಪತ್ರೆಯಲ್ಲಿರುವುದು ಯೇವಲಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಟೆಲಿನವರ ಮಗಳಿಗೆ ಟಿ.ಬಿ. ಎಂದು ತಿಳಿದರೆ ಆ ಹೋಟೆಲಿನ ಇಡ್ಲಿ ಯಾರು ತಿನ್ನುತ್ತಾರೆ? ಅಪ್ಪ ಊರಿಗೆಲ್ಲ, ಮಗಳು ಔರಂಗಾಬಾದಿನಲ್ಲಿ ಟೀಚರ್ ತರಬೇತಿಗೆ ಹೋಗಿದ್ದಾಳೆ ಎಂದು ಹೇಳಿದ್ದರು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಅದೇ ಊರು. "ನಾನು ಔರಂಗಾಬಾದ್ ಕಂಡೇ ಇಲ್ಲ ಮಾರಾಯ್ತಿ," ಎಂದು ನಗುತ್ತಿದ್ದಳು. "ಊರಿಗೆ ಹೋದ ಮೇಲೆ ಯಾರಾದ್ರೂ ಕೇಳಿದ್ರೆ ಎಂತ ಹೇಳುದು? ನೀವು ಯಾವಾಗಾದ್ರೂ ಹೋಗಿದ್ರೆ ಸ್ವಲ್ಪ ಹೇಳಿಕೊಡಿ."

ದಿನಕ್ಕೊಂದು ಚುಚ್ಚುಮದ್ದು, ಇವತ್ತು ಈ ಪಕ್ಕೆ, ನಾಳೆ ಆ ಪಕ್ಕೆ. ಹಿಡಿ ತುಂಬ ಗುಳಿಗೆ, ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಆ ಚುಚ್ಚುಮದ್ದು ಕಿವಿಗೂ ಪೆಟ್ಟು ಕೊಡುವಂಥದು, ಅದರಿಂದ ಹತ್ತಿದ ಗುಂಯ್‌ಗುಡುವ ಸದ್ದು ನನ್ನ ಎಡಗಿವಿಯಲ್ಲಿ ಇಂದಿಗೂ ಇದೆ, ಅಭ್ಯಾಸವಾಗಿದೆ. ದಿನಾ ಮೊಟ್ಟೆ ತಿನ್ನಬೇಕೆಂದು ಸಿಸ್ಟರ್ ಹಟ ಹಿಡಿದರು. ನಾವಿಬ್ಬರೂ ಹುಟ್ಟಾ ಮುಟ್ಟದವರು. ಮೊದಲ ದಿನ ವಾರಿಜಾ ಮೊಟ್ಟೆಗೆ ಕೈ ಮುಗಿದು, "ಇವತ್ತಿಂದ ನೀನು ಬಿಳಿ ಬಟಾಟೆ," ಎಂದು ಹೆಸರಿಟ್ಟು, ಕಣ್ಣು ಮುಚ್ಚಿ ನುಂಗಿದಳು. ಮರುಕ್ಷಣ ನನ್ನ ಬಾಯಿಗೂ ಹಾಕಿದಳು. ಅವತ್ತಿನಿಂದ ವಾರ್ಡಿನ ಮರಾಠಿ ಹೆಂಗಸರೆಲ್ಲ ಅದನ್ನು ಬಟಾಟೆ ಎಂದೇ ಕರೆದರು.

ಅವಳ ಮಂಚದ ಕೆಳಗೆ ಕಾಫಿಪುಡಿಯ ಡಬ್ಬಿ, ಒಂದು ಪುಟ್ಟ ಫಿಲ್ಟರು ಇತ್ತು. ದಿನಾ ಸಂಜೆ ಸಿಸ್ಟರನ್ನು ಕಾಡಿ ಬಿಸಿನೀರು, ಹಾಲು ತಂದು ಒಂದು ಗ್ಲಾಸು ಕಾಫಿ ಮಾಡುತ್ತಿದ್ದಳು. ಅದನ್ನು ಎರಡು ಮಾಡಿ ಅರ್ಧ ನನಗೆ ಕೊಡುತ್ತಿದ್ದಳು. ನಮ್ಮ ಬೀದರದ ಕಡೆ ಚಹಾ ಕುಡಿಯುವವರು ನಾವು. ನನಗೆ ಆ ಕಹಿ ಮೊದಲು ಸೇರಲಿಲ್ಲ.

"ಬ್ಯಾಡವ್ವ, ನಿಂದು ನೀ ಕುಡಿ. ಇರೋದ ಒಂದ್ ಗ್ಲಾಸು," ಎಂದೆ.

"ಹೋಟೆಲಲ್ಲಿ ಪೂರ್ತಿ ಕಾಫಿ ಕುಡಿಯುವವರು ಯಾರು ಗೊತ್ತುಂಟಾ ಅಕ್ಕ? ಒಬ್ಬರೇ ಬಂದವರು. ಜೊತೆಗೆ ಜನ ಇದ್ದವರು ಬೈಟು ಹೇಳ್ತಾರೆ. ಒಬ್ಬರೇ ಕೂತು ಪೂರ್ತಿ ಕಾಫಿ ಕುಡಿಯುವವರನ್ನು ಕಂಡ್ರೆ ನಂಗೆ ಪಾಪ ಅನ್ನಿಸ್ತದೆ."

ಕಾಫಿ ಅಷ್ಟೇ ಅಲ್ಲ, ಅವಳಿಗೆ ಎಲ್ಲವೂ ಬೈಟು. ಕಿತ್ತಳೆ ಬಂದರೆ ಬೈಟು, ಹೊದಿಕೆ ಬೈಟು, ಆಚೆ ಬದಿಯ ಮಂಚದವಳಿಗೆ ಮನೆಯಿಂದ ಯಾರೂ ಬರದಿದ್ದರೆ ತನ್ನಪ್ಪನನ್ನೇ ಅರ್ಧ ಗಂಟೆ ಅವಳ ಹತ್ತಿರ ಕೂರಿಸುತ್ತಿದ್ದಳು.

ಭಾನುವಾರ ನನ್ನವರು ಬರುತ್ತಿದ್ದರು. ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ. ಒಂದು ಭಾನುವಾರ ಅವರು, "ಶೈಲಾ ಈಗ ನಿನ್ನ ಹೆಸರು ತಗೊಂಡು ಅಳಂಗಿಲ್ಲ," ಎಂದರು. ನನಗೆ ಸಮಾಧಾನ ಆಗಲೆಂದು ಹೇಳಿದ್ದು. ನಾನು ಆ ದಿನ ಗುಳಿಗೆ ನುಂಗಲಿಲ್ಲ. ಮಗುವಿಗೆ ಬೇಡವಾದ ತಾಯಿ ಬದುಕಿ ಏನು ಮಾಡಬೇಕು ಎಂದು ಗೋಡೆಗೆ ಮುಖ ಮಾಡಿ ಮಲಗಿದೆ.

ವಾರಿಜಾ ಎದ್ದು ಹೋದಳು. ಸಿಸ್ಟರ ಹತ್ತಿರ ಜ್ವರ ಬರೆಯುವ ಖಾಲಿ ಕಾಗದಗಳನ್ನು ಕೇಳಿ ತಂದಳು. ಆ ಕಾಗದದ ತುಂಬ ಸಣ್ಣ ಸಣ್ಣ ಚೌಕುಳಿ ಇರುತ್ತಿತ್ತು, ಅವಳಿಗೆ ಬೇಕಾದದ್ದೂ ಅದೇ. ನಾಲ್ಕು ಕಾಗದ ಅಂಟಿಸಿ ದೊಡ್ಡದೊಂದು ಗಿಣಿ ಬರೆದು ಬಣ್ಣ ಹಾಕಿದಳು. ನನಗೆ ತೋರಿಸಿ, ನಾನು ಚಂದ ಅದ ಎನ್ನುವಷ್ಟರಲ್ಲಿ ಕತ್ತರಿ ತೆಗೆದುಕೊಂಡು ಚೌಕ ಚೌಕವಾಗಿ ಕತ್ತರಿಸಿಬಿಟ್ಟಳು.

"ಅಯ್ಯ, ಹುಚ್ಚಿ! ಏನ್ ಮಾಡಿದಿ?"

"ವಾರಕ್ಕೊಂದು ತುಂಡು ಶೈಲಾಗೆ ಕಳಿಸುದು. ಕೆಳಗಿಂದ ಮೇಲೆ, ಮಗ್ಗದಲ್ಲಿ ನೇಯ್ತಾರಲ್ಲ ಹಾಗೆ. ಗಿಣಿ ಪೂರ್ತಿ ಆದ ದಿನ ಅಮ್ಮ ಬರ್ತಾಳೆ ಅಂತ ಹೇಳಿ. ಈಗ ನೀವು ಗುಳಿಗೆ ತಗೊಳ್ದೆ ಸತ್ರೆ ಗಿಣಿಗೆ ತಲೆ ಇರುದಿಲ್ಲ, ನೋಡಿ."

ನಾನು ಎದ್ದು ಗುಳಿಗೆ ನುಂಗಿದೆ. ಗಿಣಿಗೆ ಮೊದಲು ಕಾಲು ಬಂತು, ಆಮೇಲೆ ಬಾಲ, ಆಮೇಲೆ ರೆಕ್ಕೆ. ಕಾಯುವುದು ಎಷ್ಟು ಉಳಿದಿದೆ ಎಂದು ಒಂದು ಮಗುವಿಗೂ ಕಾಣುವ ಹಾಗೆ ಮಾಡಿದ್ದಳು. ನಿಜ ಹೇಳಬೇಕೆಂದರೆ ಶೈಲಾಗಿಂತ ಹೆಚ್ಚಾಗಿ ಅದು ನನಗೇ ಬೇಕಿತ್ತು.

ಎಂಟು ತಿಂಗಳ ಮೇಲೆ ನನ್ನನ್ನೂ ಅವಳನ್ನೂ ಒಂದೇ ವಾರ ಮನೆಗೆ ಕಳಿಸಿದರು. ಕೊನೆಯ ತುಂಡು, ಗಿಣಿಯ ಕಣ್ಣು, ನನ್ನ ಕೈಯಲ್ಲಿ ಕೊಟ್ಟಿದ್ದಳು. ಮನೆಯ ಬಾಗಿಲಲ್ಲಿ ಶೈಲಾ ಅಜ್ಜಿಯ ಹಿಂದೆ ಅಡಗಿ ನಿಂತಿದ್ದಳು. ನನ್ನ ಗುರುತು ಸಿಗಲಿಲ್ಲ. ನೆರೆಮನೆಯ ಮಕ್ಕಳ ಜೊತೆ ಆಡಿ ಆಡಿ ಬಾಯಲ್ಲಿ ಬರೀ ಮರಾಠಿ. ನಾನು ಕನ್ನಡದಲ್ಲಿ ಕರೆದರೆ ಸುಮ್ಮನೆ ನೋಡಿದಳು. ಕೊನೆಗೆ, "ಡೋಳಾ ಕುಠೆ?" ಎಂದಳು. ಕಣ್ಣೆಲ್ಲಿ? ನಾನು ಚೀಲದಿಂದ ಆ ತುಂಡು ತೆಗೆದು ಕೊಟ್ಟೆ. ಓಡಿಹೋಗಿ, ತುಂಡು ತುಂಡಾಗಿ ಗೋಡೆಗೆ ಅಂಟಿಸಿದ್ದ ಗಿಣಿಗೆ ಹಚ್ಚಿ ನೋಡಿ, ತಿರುಗಿ ಬಂದು ನನ್ನ ಮೊಣಕಾಲು ತಬ್ಬಿಕೊಂಡಳು. ಅಷ್ಟು ಸಾಕಿತ್ತು ನನಗೆ.

ಗುಳಿಗೆ ಇನ್ನೂ ಒಂದು ವರ್ಷ ತಪ್ಪದೆ ತೆಗೆದುಕೊಳ್ಳಬೇಕಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೂಕ ನೋಡಿಸಿ ಡಬ್ಬಿ ತುಂಬಿಸಿಕೊಂಡು ಬರುವುದು. ವಾರಿಜಾ ಯೇವಲಾದ ದವಾಖಾನೆಗೆ ಹೋಗುವ ಹಾಗಿರಲಿಲ್ಲ, ಅಲ್ಲಿಯ ಕಂಪೌಂಡರ್ ದಿನಾ ಅವರ ಹೋಟೆಲಿಗೆ ಬರುವವನು. ಹಾಗಾಗಿ ಕಾಫಿಪುಡಿ ತರುವ ನೆಪದಲ್ಲಿ ನಾಸಿಕಕ್ಕೇ ಬರುತ್ತಿದ್ದಳು. ಇಬ್ಬರೂ ಒಂದೇ ದಿನ ಗೊತ್ತು ಮಾಡಿಕೊಂಡಿದ್ದೆವು. ಕಾಯುವ ಬೆಂಚಿನ ಮೇಲೆ ಹರಟೆ, ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬೈಟು ಕಾಫಿ. ಅಷ್ಟು ಹೊತ್ತಿಗೆ ನನಗೂ ಕಾಫಿಯ ರುಚಿ ಹತ್ತಿತ್ತು.

ನಾಲ್ಕೋ ಐದೋ ತಿಂಗಳು ಕಳೆದಿರಬೇಕು. ಒಂದು ಸಲ ಅವಳ ತೂಕ ಇಳಿದಿತ್ತು. ಡಾಕ್ಟರು ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರೆ ತಲೆ ಆಡಿಸಿದಳು. ಹೋಟೆಲಿನಲ್ಲಿ ಕೂತ ಮೇಲೆ ನಾನು ಬಿಡಲಿಲ್ಲ.

"ಖರೇ ಹೇಳು. ಗುಳಗಿ ತಗೋತಿ ಇಲ್ಲೊ?"

ಅವಳು ಕಾಫಿಯನ್ನು ಎರಡು ಗ್ಲಾಸಿಗೆ ಸಮ ಮಾಡುತ್ತ, "ತಗೊಳ್ತೇನೆ. ಅರ್ಧ," ಎಂದಳು.

"ಉಳಿದರ್ಧ?"

"ಸಖೂಬಾಯಿಗೆ."

ಸಖೂಬಾಯಿ ಅವರ ಹಿಂದಿನ ಮನೆಯ ನೇಕಾರನ ಹೆಂಡತಿ. ರೇಷ್ಮೆ ಎಳೆ ಸುತ್ತುವವಳು. ಎರಡು ಸಣ್ಣ ಮಕ್ಕಳು. ಮಳೆಗಾಲದಿಂದ ಕೆಮ್ಮು, ಸಂಜೆಗೆ ಜ್ವರ, ರಕ್ತವೂ ಬಂದಿತ್ತು. ಆಸ್ಪತ್ರೆಗೆ ಹೋದರೆ ಸುದ್ದಿಯಾಗುತ್ತದೆ. ಕೆಮ್ಮಿನ ಮನೆಯಲ್ಲಿ ನೇಯ್ದ ಸೀರೆಯನ್ನು ಯಾವ ಮದುಮಗಳ ಮೈಮೇಲೆ ಹಾಕುತ್ತಾರೆ? ವ್ಯಾಪಾರಿ ರೇಷ್ಮೆ ಕೊಡುವುದನ್ನೇ ನಿಲ್ಲಿಸುತ್ತಾನೆ. ಹೋಟೆಲಿನವರ ಹೆದರಿಕೆ, ಮಗ್ಗದವರ ಹೆದರಿಕೆ, ಎರಡೂ ಒಂದೇ. ಅದಕ್ಕೇ ಅವಳಿಗೆ ಬೇಗ ಅರ್ಥವಾಗಿತ್ತು.

"ಆಕಿನ್ನ ಇಲ್ಲಿಗಿ ಕರ್ಕೊಂಡ್ ಬಾ. ಆಕಿಗೂ ಕೊಡ್ತಾರ."

"ಬರುದಿಲ್ಲ ಅಂತಾಳೆ. ಗಂಡ ಬಿಡುದಿಲ್ಲ. ನಾನು ಹೇಗೂ ಹುಷಾರಾಗಿದ್ದೇನೆ, ಅವಳಿಗೆ ಸ್ವಲ್ಪ ಹುಷಾರಾದ ಮೇಲೆ ನಂದು ಪೂರ್ತಿ ತಗೊಳ್ತೇನೆ."

"ಊರಿಗುಪಕಾರಿ, ಮನಿಗಿ ಮಾರಿ! ನಾ ಈಗೇ ಹೋಗಿ ಡಾಕ್ಟರಿಗಿ ಹೇಳ್ತೀನಿ." ನಾನು ಎದ್ದೇ ಬಿಟ್ಟಿದ್ದೆ.

ಅವಳು ನನ್ನ ಕೈ ಹಿಡಿದು ಕೂರಿಸಿದಳು. ನಗು ಇರಲಿಲ್ಲ ಮುಖದಲ್ಲಿ. "ಅಕ್ಕ, ನೀವು ಹೇಳಿದ್ರೆ ಇವರು ಯೇವಲಾಕ್ಕೆ ಜನ ಕಳಿಸ್ತಾರೆ. ಅಪ್ಪಯ್ಯನ ಹೋಟೆಲೂ ಹೋಯ್ತು, ಅವರ ಮಗ್ಗವೂ ಹೋಯ್ತು. ಹೇಳುದಿಲ್ಲ ಅನ್ನಿ. ಶೈಲಾನ ಆಣೆ ಹಾಕಿ."

ನಾನು ಆಣೆ ಹಾಕಿದೆ.

ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬೇರೆ ಯಾರದಾದರೂ ಆಣೆ ಆಗಿದ್ದರೆ ಮುರಿಯುತ್ತಿದ್ದೆ. ಎಂಟು ತಿಂಗಳು ದೂರವಿದ್ದು, ಗಿಣಿಯ ಕಣ್ಣು ಕೊಟ್ಟು ಮರಳಿ ಪಡೆದ ಮಗಳ ಆಣೆ. ಮುರಿದರೆ ಅವಳಿಗೆ ಏನಾದರೂ ಆದರೆ? ಕೆಮ್ಮು ಬಂದರೆ? ನಮ್ಮಲ್ಲಿ ಆಣೆ ಎಂದರೆ ಬರೀ ಮಾತಲ್ಲ, ತಲೆಯ ಮೇಲೆ ಇಟ್ಟ ಕೈ. ಅದು ವಾರಿಜಾಗೂ ಗೊತ್ತಿತ್ತು, ಅದಕ್ಕೇ ಅವಳು ಅದನ್ನೇ ಕೇಳಿದಳು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ತಿರುಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಮುಂದಿನ ತಿಂಗಳು ಅವಳು ಬಂದಳು, ಬೆಂಚಿನ ಮೇಲೆ ಕೂತು ಎರಡು ಸಲ ಕೆಮ್ಮಿದಳು. ನಾನು ಕೇಳಿಸದವಳಂತೆ ಎದುರಿನ ಬೋರ್ಡು ಓದಿದೆ. ಅದರ ಮುಂದಿನ ತಿಂಗಳೂ ಬಂದಳು. ಆಮೇಲಿನ ತಿಂಗಳು ಬರಲಿಲ್ಲ.

ಆ ದಿನ ಬೆಂಚಿನ ಮೇಲೆ ಒಬ್ಬಳೇ ಕಾದೆ. ಕಾದು ಕಾದು, ನನ್ನ ಹೆಸರು ಕರೆದಾಗ ಒಳಗೆ ಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿಬಿಟ್ಟೆ. ಮುದುಕರಾದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಅರ್ಧ ಔಷಧದಿಂದ ಇಬ್ಬರೂ ಉಳಿಯುವುದಿಲ್ಲ, ತಾಯಿ," ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. "ಎಷ್ಟು ದಿನದಿಂದ ನಿಮಗೆ ಗೊತ್ತು?"  ಮನೆಗೆ ಬಂದವಳೇ ಶೈಲಾಳನ್ನು ಎಳೆದುಕೊಂಡು ಹಣೆ ಮುಟ್ಟಿ ಮುಟ್ಟಿ ನೋಡಿದೆ. ಅವಳು ಕೊಸರಿಕೊಂಡು ಆಡಲು ಓಡಿದಳು. ಬೆಲ್ಲದ ಉಂಡೆಯ ಹಾಗೆ ಗಟ್ಟಿಯಾಗಿದ್ದಳು.

ನನ್ನವರು ಯೇವಲಾಕ್ಕೆ ಹೋಗಿ ಸುದ್ದಿ ತಂದರು. ವಾರಿಜಾಗೆ ರಕ್ತ ಬಹಳ ಹೋಗಿ, ಅಪ್ಪ ಅವಳನ್ನು ಔರಂಗಾಬಾದಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಸುಳ್ಳು ಹೇಳಲು ಬಳಸಿದ ಊರಿಗೇ ಅವಳು ಕೊನೆಗೂ ಹೋಗಿದ್ದಳು.

ಮರುದಿನ ಬೆಳಗಿನ ಎಸ್.ಟಿ. ಬಸ್ಸಿಗೆ ನಾವಿಬ್ಬರೂ ಹೊರಟೆವು. ಆಸ್ಪತ್ರೆಯ ಹತ್ತಿರದ ಹೋಟೆಲಿನಲ್ಲಿ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡೆ. ವಾರಿಜಾ ಮಂಚದ ಮೇಲೆ ಹಾಸಿಗೆಗೂ ಗೊತ್ತಾಗದಷ್ಟು ತೆಳ್ಳಗಾಗಿ ಮಲಗಿದ್ದಳು. ಕಣ್ಣು ಮಾತ್ರ ಮೊದಲಿನಷ್ಟೇ ದೊಡ್ಡವು. ತಲೆದಿಂಬಿನ ಪಕ್ಕದಲ್ಲಿ ಜ್ವರದ ಕಾಗದ, ಅದರ ಚೌಕುಳಿಯಲ್ಲಿ ಅರ್ಧ ಬರೆದ ಬಳ್ಳಿ.

"ಔರಂಗಾಬಾದ್ ನೋಡಿದೆ ಅಕ್ಕ," ಎಂದಳು. "ಕಿಟಕಿಯಿಂದ. ಚಂದ ಉಂಟು."

ನಾನು ಕಾಫಿ ಬಗ್ಗಿಸಿ ಗ್ಲಾಸನ್ನು ಅವಳ ಕೈಗೆ ಕೊಟ್ಟೆ. ನನಗಾಗಿ ಇನ್ನೊಂದು ಗ್ಲಾಸು ತೆಗೆದೆ, ಎಂದಿನಂತೆ ಅರ್ಧ ಹಾಕುತ್ತಾಳೆಂದು ಹಿಡಿದೆ. ಅವಳು ತನ್ನ ಗ್ಲಾಸನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ. ಇದು ಪೂರ್ತಿ ನಂಗೆ. ನೀವು ಆ ಕಡೆ ಕಿಟಕಿ ಹತ್ರ ಕೂತ್ಕೊಳ್ಳಿ. ಇನ್ನು ಯಾರ ಜೊತೆಗೂ ಬೈಟು ಇಲ್ಲ."

ಎರಡು ಗುಟುಕು ಕುಡಿದಳು. ಉಳಿದದ್ದನ್ನು ನೋಡುತ್ತ ಕೂತು, ಆಮೇಲೆ ಮಂಚದ ಕೆಳಗಿನ ಬಟ್ಟಲಿಗೆ ಸುರಿದಳು. ಆ ಹುಡುಗಿ ಕಾಫಿ ಚೆಲ್ಲಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಾ ಆಣಿ ಮುರದೆ, ವಾರಿಜಾ. ಡಾಕ್ಟರಿಗಿ ಎಲ್ಲಾ ಹೇಳೀನಿ."

"ಶೈಲಾ ಆರಾಮಿದ್ದಾಳಾ?"

"ಆರಾಮ್ ಇದ್ದಾಳ."

"ಹಾಗಾದ್ರೆ ಆಣೆಯಲ್ಲಿ ಎಂತ ಉಂಟು ಮಾರಾಯ್ತಿ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. ಆಮೇಲೆ ಹಳೆಯ ತುಂಟ ನಗು ನಕ್ಕು, "ಇನ್ನೂ ಸ್ವಲ್ಪ ಮೊದ್ಲೇ ಮುರೀಬೇಕಿತ್ತು ನೀವು," ಎಂದಳು.

ತಮಾಷೆಗೇ ಅಂದದ್ದು. ಆಣೆ ಹಾಕಿಸಿದವಳೇ ಅವಳು, ನನ್ನನ್ನು ದೂರುವ ಹುಡುಗಿಯಲ್ಲ. ಆದರೂ ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಆ ಮಾತನ್ನು ನನಗೆ ಇಳಿಸಿಡಲು ಆಗಿಲ್ಲ. ಹೊರಡುವಾಗ ಅವಳು, "ಸಖೂನ ಕರ್ಕೊಂಡು ಹೋಗಿ ಅಕ್ಕ. ಅವಳಿಗೆ ಪೂರ್ತಿ ಕೊಡಿಸಿ," ಎಂದಳು. ಬಾಗಿಲ ಹತ್ತಿರ ನಾನು ತಿರುಗಿ ನೋಡಿದೆ. ಅವಳೂ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು.

ವಾಪಸು ಬರುವಾಗ ಯೇವಲಾದಲ್ಲಿ ಇಳಿದೆವು. ಸಖೂಬಾಯಿಯ ಗಂಡ ಮಗ್ಗದಿಂದ ಏಳದೆ, ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದ. ಒಳಗೆ ಕೆಮ್ಮು ಕೇಳುತ್ತಲೇ ಇತ್ತು. ನಾನು ಬಾಗಿಲಲ್ಲೇ ಕೂತುಬಿಟ್ಟೆ. ವಾರಿಜಾ ಮಲಗಿದ್ದನ್ನು ನೋಡಿದ ಹಾಗೆಯೇ ಹೇಳಿದೆ, ಒಂದೂ ಬಿಡದೆ. ಅವನ ಕೈ ಎಳೆಗಳ ಮೇಲೆ ನಿಂತಿತು. ಆ ಎಳೆಗಳ ಕೆಳಗೆ ಹಿಂದೆ ನೋಡುವ ಗಿಣಿಯ ಕಾಗದವಿತ್ತು. ಸ್ವಲ್ಪ ಹೊತ್ತಿಗೆ ಸಖೂಬಾಯಿ ತಾನೇ ಗಂಟು ಕಟ್ಟಿಕೊಂಡು ಹೊರಗೆ ಬಂದಳು. ಗಂಡ ತಡೆಯಲಿಲ್ಲ.

ಹದಿನೈದು ದಿನಕ್ಕೆ ವಾರಿಜಾಳ ಅಪ್ಪಯ್ಯನಿಂದ ಪತ್ರ ಬಂತು. ಮಗಳ ಕಾಯಿಲೆಯನ್ನು ಅಷ್ಟು ದಿನ ಬಚ್ಚಿಟ್ಟ ಮನುಷ್ಯ ಲಕೋಟೆಯಲ್ಲಿ ಹಾಕಿರಲಿಲ್ಲ. ತೆರೆದ ಪೋಸ್ಟ್‌ಕಾರ್ಡು. "ನಮ್ಮ ವಾರಿಜಾ ಟಿ.ಬಿ.ಯಿಂದ ಶುಕ್ರವಾರ ತೀರಿಕೊಂಡಳು." ಯೇವಲಾದ ಪೋಸ್ಟ್‌ಮಾಸ್ತರರಿಂದ ನಮ್ಮ ಓಣಿಯ ಅಂಚೆಯವನವರೆಗೆ ಎಲ್ಲರೂ ಓದಲಿ ಎಂದೇ ಬರೆದದ್ದು. ಅವಳಿಗೆ ಇಪ್ಪತ್ನಾಲ್ಕು ತುಂಬಿತ್ತು, ಅಷ್ಟೇ. ಹೋಟೆಲಿಗೆ ಕೆಲವು ದಿನ ಜನ ಬರಲಿಲ್ಲವಂತೆ. ಆಮೇಲೆ ಆ ತಲೆ ನೆರೆತ ನೇಕಾರರು ಗುಂಪಾಗಿ ಬಂದು ಕೂತು ಚಹಾ ಹೇಳಿದರಂತೆ.

ನಾಸಿಕದ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಸಖೂಬಾಯಿ ಔಷಧಕ್ಕಾಗಿ ಪ್ರತಿ ತಿಂಗಳು ಯೇವಲಾದಿಂದ ಬರುತ್ತಿದ್ದಳು. ಆಸ್ಪತ್ರೆ ಮುಗಿಸಿ ಬಸ್ಸಿನ ಹೊತ್ತಾಗುವವರೆಗೆ ನಮ್ಮ ಮನೆಯಲ್ಲಿ ಕೂರುತ್ತಿದ್ದಳು. ಮೊದಲ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಯಾರಾಕಿ?" ಎಂದು ಕೇಳಿದರು.

"ವಾರಿಜಾ ಬಿಟ್ಟು ಹೋದಾಕಿ," ಎಂದೆ.

ಅತ್ತೆ ಗೋಡೆಯ ಗಿಣಿಯ ಕಡೆ ನೋಡಿ ದಾರಿ ಬಿಟ್ಟರು. ಆದರೂ ಚಹಾವನ್ನು ಅಂಗಳಕ್ಕೇ ತಂದುಕೊಟ್ಟರು, ಹಳೆಯದೊಂದು ಬಸಿಯಲ್ಲಿ. ನನ್ನ ಹೆಸರಿನ ಗ್ಲಾಸು ಆಗಲೂ ಕಿಟಕಿಯ ಮೇಲೆಯೇ ಇತ್ತು. ನನ್ನ ಔಷಧ ಮುಗಿದು, ಡಾಕ್ಟರು ಇನ್ನು ಬರಬೇಡ ಎಂದ ಮೇಲೂ ಅದು ಒಳಗೆ ಬರಲಿಲ್ಲ. ನಾನು ಕೇಳಲಿಲ್ಲ. ಕೇಳಿ ತೆಗೆದುಕೊಳ್ಳುವಂಥದಲ್ಲ ಅದು.

ಒಂದು ವರ್ಷ ದಾಟಿದ ಮೇಲೆ ಸಖೂಬಾಯಿಗೂ ಡಾಕ್ಟರು ಸಾಕು ಎಂದರು. ಅವತ್ತು ಅವಳು ಹಸಿರು ಬಳೆ ತೊಟ್ಟು, ಮೈ ತುಂಬಿಕೊಂಡು, ನಗುತ್ತ ಬಂದಳು. ಒಂದು ಪುಟ್ಟ ಪೊಟ್ಟಣ ತಂದಿದ್ದಳು, ಬಿಚ್ಚಿದರೆ ಗೇಣುದ್ದದ ರೇಷ್ಮೆಯ ತುಂಡು. ವಾರಿಜಾ ಆಸ್ಪತ್ರೆಯಲ್ಲಿ ಅರ್ಧ ಬರೆದಿಟ್ಟಿದ್ದ ಬಳ್ಳಿಯ ಕಾಗದವನ್ನು ಅವಳಪ್ಪ ಕೊಟ್ಟಿದ್ದರಂತೆ, ಸಖೂಬಾಯಿಯ ಗಂಡ ಅದನ್ನು ಇದ್ದಷ್ಟೇ ನೇಯ್ದಿದ್ದ. ಉಳಿದದ್ದನ್ನು ತಾನು ಕೂಡಿಸಲು ಹೋಗಿರಲಿಲ್ಲ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಬಳ್ಳಿ ನಿಂತ ಜಾಗದಲ್ಲಿ ಬೆರಳಾಡಿಸಿದರು. ಎದ್ದು ಒಳಗೆ ಹೋದರು.

ಚಹಾ ಬಂದಾಗ ಒಂದೇ ಗ್ಲಾಸು ಬಂತು. "ಹಾಲು ಕಮ್ಮಿ ಬಿತ್ತು," ಎಂದರು ಅತ್ತೆ. ಹಾಲಿನ ಪಾತೇಲಿ ತುಂಬಿತ್ತು, ನಾನೇ ಬೆಳಿಗ್ಗೆ ಕಾಯಿಸಿದ್ದೆ. ಅವರು ಕಿಟಕಿಗೆ ಕೈ ಚಾಚಿ ನನ್ನ ಹೆಸರು ಕೊರೆದ ಗ್ಲಾಸನ್ನು ತೆಗೆದು, ಸೆರಗಿನಿಂದ ಒರೆಸಿ, ಅದಕ್ಕೆ ಅರ್ಧ ಚಹಾ ಬಗ್ಗಿಸಿಕೊಂಡರು. ಉಳಿದರ್ಧ ಸಖೂಬಾಯಿಗೆ ಕೊಟ್ಟು, ಅವಳ ಪಕ್ಕದಲ್ಲೇ ಕೂತು, ಊದಿ ಊದಿ ಕುಡಿದರು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ವಾರಿಜಾ ಇದನ್ನು ನೋಡಬೇಕಿತ್ತು ಎನ್ನಿಸಿತು.

ಇನ್ನು ನಮ್ಮ ಓಣಿಯ ಆ ಹುಡುಗಿಯ ಮಾತು. ನಿನ್ನೆ ನಾನೇ ಅವಳ ಮನೆಗೆ ಹೋದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದು, ಅವಳ ತಾಯಿಗೆ ಎಲ್ಲ ಹೇಳಿದೆ. ತಾಯಿ ಅತ್ತಳು, ಆಮೇಲೆ ಮಗಳನ್ನು ತಬ್ಬಿಕೊಂಡಳು. ಹುಡುಗಿಗೆ ನನ್ನ ಮೇಲೆ ಬಹಳ ಸಿಟ್ಟು ಬಂದಿದೆ, ಇವತ್ತು ಎದುರಿಗೆ ಸಿಕ್ಕರೂ ಮುಖ ತಿರುಗಿಸಿ ಹೋದಳು. ಹೋಗಲಿ. ಈ ಸಲ ನಾನು ಮೊದಲೇ ಮುರಿದಿದ್ದೇನೆ.